ಬಿಸಿಯೂಟದ ನಲ್ಲಿಯ ಬಳಿ ಬ್ರಶ್ಶಿಗೂ ಜಾಗವಿರಲಿ



ಮಾರ್ಚ್ 20ರ ವಿಶ್ವ ಬಾಯಿ ಆರೋಗ್ಯ ದಿನದ ಹೆಸರಿನಲ್ಲೋ ಇನ್ಯಾವುದೋ ಸಪ್ತಾಹದ ನೆಪದಲ್ಲೋ ಸರ್ಕಾರಿ ಶಾಲೆಗಳಲ್ಲಿ ದಂತ ಶಿಬಿರಗಳು ನಡೆಯುತ್ತವೆ. ಪ್ಲಾಸ್ಟಿಕ್ ದವಡೆ ಹಿಡಿದು ಹಲ್ಲುಜ್ಜುವ ಕ್ರಮ ತೋರಿಸುತ್ತಾರೆ, ಪುಟ್ಟ ಪೇಸ್ಟು ಹಂಚುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಪೇಸ್ಟು ಮುಗಿದ ಮೇಲೆ ಆ ಮಗು ಏನು ಮಾಡುತ್ತದೆ ಎಂದು ಯಾರೂ ಕೇಳುವುದಿಲ್ಲ. ವರ್ಷಕ್ಕೊಂದು ದಿನದ ಈ ಭಾಷಣವನ್ನೇ ಮಕ್ಕಳ ಬಾಯಿ ಆರೋಗ್ಯದ ಕೆಲಸ ಎಂದು ಲೆಕ್ಕ ಹಿಡಿಯುವುದು ತಪ್ಪು.

ಭಾರತೀಯ ದಂತವೈದ್ಯ ಪರಿಷತ್ತಿನ 2002–03ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 12 ವರ್ಷದ ಮಕ್ಕಳಲ್ಲಿ ಶೇ 53.8ರಷ್ಟು, 15 ವರ್ಷದವರಲ್ಲಿ ಶೇ 63.1ರಷ್ಟು ಮಂದಿಗೆ ಹುಳುಕು ಹಲ್ಲಿತ್ತು.

ಮಕ್ಕಳು ಹಲ್ಲುಜ್ಜುವುದನ್ನು ಕಲಿಯುವುದು ಮನೆಯಲ್ಲಿ ಕಂಡದ್ದರಿಂದ. ನಮ್ಮ ಬಹುತೇಕ ಮನೆಗಳಲ್ಲಿ ಅದು ಬೆಳಗಿನ ಕೆಲಸ ಮಾತ್ರ. ರಾತ್ರಿ ಉಂಡು ಮಲಗುವ ಮುನ್ನ ದೊಡ್ಡವರೇ ಉಜ್ಜುವುದಿಲ್ಲ. ಏಳೆಂಟು ವರ್ಷದವರೆಗೆ ಮಗುವಿನ ಕೈಗೆ ಹಿಂದಿನ ಹಲ್ಲು ಸರಿಯಾಗಿ ಎಟುಕದು, ದೊಡ್ಡವರೇ ನಿಂತು ಉಜ್ಜಿಸಬೇಕು. ಬೆಳಗಾಗುತ್ತಲೇ ಗಾರ್ಮೆಂಟ್ಸ್ ಬಸ್ಸು ಹತ್ತುವ ತಾಯಿಗೆ ಆ ಪುರಸೊತ್ತು ಎಲ್ಲಿಂದ ಬರಬೇಕು? ಮೇಲಾಗಿ, ‘ಹಾಲುಹಲ್ಲು ತಾನೇ, ಬಿದ್ದುಹೋಗುತ್ತೆ ಬಿಡು’ ಎಂಬ ಮಾತು. ಆರನೇ ವರ್ಷದ ಹೊತ್ತಿಗೆ, ಯಾವ ಹಲ್ಲೂ ಬೀಳದೆ, ಹಾಲುಹಲ್ಲುಗಳ ಹಿಂದೆ ಮೊದಲ ಶಾಶ್ವತ ದವಡೆ ಹಲ್ಲು ಮೂಡುತ್ತದೆ. ಇದನ್ನೂ ಹಾಲುಹಲ್ಲೆಂದೇ ಬಗೆಯುವ ಹೆತ್ತವರು ಬಹಳ. ಬಾಳಿನುದ್ದಕ್ಕೂ ಇರಬೇಕಾದ ಹಲ್ಲು ಒಂದನೇ ತರಗತಿಯಲ್ಲೇ ಹುಳುಕಾಗತೊಡಗುತ್ತದೆ. ಇತ್ತ ಜಾಹೀರಾತುಗಳಲ್ಲಿ ಬ್ರಶ್ಶಿನುದ್ದಕ್ಕೂ ಪೇಸ್ಟು ಬಳಿಯುತ್ತಾರೆ. ಮೂರು ದಾಟಿದ ಮಗುವಿಗೆ ಬಟಾಣಿ ಕಾಳಿನಷ್ಟು ಸಾಕು. ಶಾಲೆಯ ಪಕ್ಕದ ಅಂಗಡಿಯ ಐದು ರೂಪಾಯಿಯ ಕ್ರೀಮ್ ಬಿಸ್ಕೆಟ್ಟು ಹಲ್ಲಿನ ಸಂದಿಗೆ ಅಂಟಿ ಸಂಜೆಯವರೆಗೂ ಅಲ್ಲೇ ಉಳಿಯುತ್ತದೆ.

ಪಾವಗಡ, ಬಾಗೇಪಲ್ಲಿ, ಮುಂಡರಗಿಯ ಕಡೆ ಇನ್ನೊಂದು ಅನ್ಯಾಯವಿದೆ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಹಲ್ಲು ಕಂದುಗಟ್ಟಿದ ಮಕ್ಕಳಿಗೆ ‘ಹಲ್ಲುಜ್ಜಲ್ವೇನೋ’ ಎಂಬ ಬೈಗುಳ. ಆ ಕಲೆ ಹಲ್ಲು ಮೂಡುವ ಮೊದಲೇ, ವಸಡಿನೊಳಗೇ ಹತ್ತಿದ್ದು. ಇದ್ದಿಲು, ಇಟ್ಟಿಗೆ ಪುಡಿ ಹಾಕಿ ತಿಕ್ಕಿದರೆ ಹಲ್ಲು ಸವೆಯುತ್ತದೆಯೇ ಹೊರತು ಕಲೆ ಹೋಗದು. ಅಲ್ಲಿ ಮೊದಲು ಬೇಕಿರುವುದು ಶುದ್ಧ ನೀರು.

ಶಿಬಿರಗಳಲ್ಲಿ ಬರೀ ಹೇಳಿಕೊಡುವುದರಿಂದ ತಿಳಿವಳಿಕೆ ಹೆಚ್ಚುತ್ತದೆ, ಹುಳುಕು ತಗ್ಗುವುದಿಲ್ಲ. ನಿತ್ಯ ಉಜ್ಜಿಸಿದರೆ ತಗ್ಗುತ್ತದೆ. ಸ್ಕಾಟ್ಲೆಂಡಿನ ‘ಚೈಲ್ಡ್‌ಸ್ಮೈಲ್’ ಯೋಜನೆಯಲ್ಲಿ ಶಿಶುವಿಹಾರದ ಸಿಬ್ಬಂದಿ ದಿನವೂ ಮಕ್ಕಳಿಂದ ಫ್ಲೋರೈಡ್ ಪೇಸ್ಟಿನಲ್ಲಿ ಹಲ್ಲುಜ್ಜಿಸುತ್ತಾರೆ. ಅಲ್ಲಿ ಒಂದನೇ ತರಗತಿಗೆ ಬರುವ ಮಕ್ಕಳ ಪೈಕಿ ಕಣ್ಣಿಗೆ ಕಾಣುವ ಹುಳುಕಿಲ್ಲದವರು 2003ರಲ್ಲಿ ಶೇ 45ರಷ್ಟಿದ್ದರು. 2020ರ ಹೊತ್ತಿಗೆ ಶೇ 73 ದಾಟಿದರು. ಅದು ಶ್ರೀಮಂತ ದೇಶ ಎನ್ನಬಹುದು. ಫಿಲಿಪ್ಪೀನ್ಸ್ ಶ್ರೀಮಂತವಲ್ಲ, ಅಲ್ಲಿನ ಸರ್ಕಾರಿ ಶಾಲೆಗಳೂ ಸೋಪಿನಿಂದ ಕೈತೊಳೆಯುವುದರ ಜೊತೆಗೆ ಹಲ್ಲುಜ್ಜುವುದನ್ನು ದಿನಚರಿಗೆ ಸೇರಿಸಿಕೊಂಡಿವೆ.

ಕರ್ನಾಟಕಕ್ಕೆ ಇದು ಆಗದ ಕೆಲಸವೇ? 2013ರಲ್ಲಿ ಕ್ಷೀರಭಾಗ್ಯ ಆರಂಭಿಸಿ ಲಕ್ಷಾಂತರ ಮಕ್ಕಳಿಗೆ ಹಾಲು ಕುಡಿಸಿದ ವ್ಯವಸ್ಥೆ ನಮ್ಮದು. ಬಿಸಿಯೂಟದ ನಂತರ ಮಕ್ಕಳು ತಟ್ಟೆ ತೊಳೆಯಲು ಸಾಲು ನಿಲ್ಲುವ ನಲ್ಲಿಯ ಬಳಿಯೇ ಎರಡು ನಿಮಿಷ ಹಲ್ಲೂ ಉಜ್ಜಬಹುದು. ಬಡ ಹಿರಿಯರಿಗೆ ‘ದಂತಭಾಗ್ಯ’ದಲ್ಲಿ ಉಚಿತವಾಗಿ ಹಲ್ಲಿನ ಸೆಟ್ಟು ಕೊಡುವ ರಾಜ್ಯ, ಹಲ್ಲು ಉದುರುವ ಮುನ್ನವೇ ಒಂದು ಬ್ರಶ್ಶು ಕೊಡಲು ಹಿಂದೆಗೆಯಬಾರದು. 2025ರ ಸೆಪ್ಟೆಂಬರಿನಲ್ಲಿ ಪೇಸ್ಟು, ಬ್ರಶ್ಶುಗಳ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿದಿರುವುದರಿಂದ ಖರ್ಚಿನ ನೆವವೂ ಸಣ್ಣದಾಗಿದೆ.

ಶಿಕ್ಷಕರಿಗೆ ಹಾಲು, ಮೊಟ್ಟೆ, ಸಮೀಕ್ಷೆಗಳ ಹೊರೆ ಈಗಲೇ ಸಾಕಷ್ಟಿದೆ, ನಿಜ. ಹಾಗಾಗಿ ಅವರ ಮೇಲಷ್ಟೇ ಹೊರಿಸದೆ, ರಾಜ್ಯದ ದಂತವೈದ್ಯ ಕಾಲೇಜುಗಳಿಗೆ ಸುತ್ತಲಿನ ಶಾಲೆಗಳನ್ನು ಹಂಚಿಕೊಡಬೇಕು. ವಿದ್ಯಾರ್ಥಿಗಳು ಬಂದು ತರಬೇತಿ ಕೊಡಲಿ, ಉಸ್ತುವಾರಿಯನ್ನು ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ನೋಡಿಕೊಳ್ಳಲಿ.

ಶಿಕ್ಷಣ, ಆರೋಗ್ಯ ಇಲಾಖೆಗಳು ಮುಂದಿನ ಶೈಕ್ಷಣಿಕ ವರ್ಷದಿಂದಲೇ ಪ್ರತಿ ಜಿಲ್ಲೆಯ ಒಂದು ತಾಲ್ಲೂಕಿನ ಅಂಗನವಾಡಿಗಳಲ್ಲಿ ಮತ್ತು 1ರಿಂದ 3ನೇ ತರಗತಿಗಳಲ್ಲಿ ನಿತ್ಯ ಹಲ್ಲುಜ್ಜಿಸುವುದನ್ನು ಆರಂಭಿಸಬೇಕೆಂದು ವಿನಂತಿ.

ಇಂತಿ,
ನಿಮ್ಮ ಓದುಗ, ತುಮಕೂರು