ಹ್ಯೂಗೆನಾಟರು ಹೋದ ಮೇಲೆ ಫ್ರಾನ್ಸ್ ಬಡವಾಯಿತೇ?

ಫ್ರಾನ್ಸಿನ ಪ್ರೊಟೆಸ್ಟೆಂಟರಾದ ಹ್ಯೂಗೆನಾಟರಿಗೆ ನಾಲ್ಕನೆಯ ಹೆನ್ರಿ 1598ರ ನಾಂಟ್ ರಾಜಾಜ್ಞೆಯಲ್ಲಿ ಆರಾಧನೆಯ ಹಕ್ಕು ಕೊಟ್ಟಿದ್ದ. ಅವನ ಮೊಮ್ಮಗ ಹದಿನಾಲ್ಕನೆಯ ಲೂಯಿ 1685ರ ಅಕ್ಟೋಬರಿನಲ್ಲಿ ಅದನ್ನು ರದ್ದುಮಾಡಿದ. ಮತ ಬದಲಿಸಲು ಒಪ್ಪದ ಪಾದ್ರಿಗಳು ಎರಡು ವಾರದೊಳಗೆ ದೇಶ ಬಿಡಬೇಕಿತ್ತು. ಉಳಿದವರಿಗೆ ದೇಶ ಬಿಡುವುದೇ ಅಪರಾಧ: ಸಿಕ್ಕಿಬಿದ್ದ ಗಂಡಸರಿಗೆ ರಾಜನ ಹಡಗುಗಳಲ್ಲಿ ಹುಟ್ಟು ಹಾಕುವ ಶಿಕ್ಷೆ, ಹೆಂಗಸರಿಗೆ ಸೆರೆಮನೆ. ಆದರೂ ಸುಮಾರು ಒಂದೂವರೆಯಿಂದ ಎರಡು ಲಕ್ಷ ಜನ ತಪ್ಪಿಸಿಕೊಂಡು ಹೋದರು.

ಈ ವಲಸೆಯೇ ಫ್ರಾನ್ಸಿನ ಆರ್ಥಿಕತೆಯ ಬೆನ್ನು ಮುರಿಯಿತು ಎಂಬುದು ಹಳೆಯ ವಾದ. ಅದಕ್ಕೆ ಬಲವಾದ ಸಾಕ್ಷಿ ರಾಜನ ಕಡೆಯಿಂದಲೇ ಬಂತು. ಕೋಟೆಗಳನ್ನು ಕಟ್ಟಿದ ಸೇನಾ ಎಂಜಿನಿಯರ್ ವೊಬಾನ್ ಸ್ವತಃ ಕ್ಯಾಥೊಲಿಕ್. ಹಣ, ಕುಶಲಕರ್ಮಿಗಳು, ನಾವಿಕರು, ಸೈನಿಕರು ಶತ್ರುಗಳ ಪಾಲಾಗುತ್ತಿದ್ದಾರೆ, ಹೋದವರನ್ನು ಮರಳಿ ಕರೆಸಬೇಕು ಎಂದು ಅವನು 1689ರಲ್ಲಿ ಸರಕಾರಕ್ಕೆ ಬರೆದ. ಬ್ರಾಂಡೆನ್‌ಬರ್ಗ್‌ನ ದೊರೆ ಫ್ರೆಡರಿಕ್ ವಿಲಿಯಂ 1685ರಲ್ಲೇ ಪಾಟ್ಸ್‌ಡಾಮ್ ಆಜ್ಞೆ ಹೊರಡಿಸಿ ವಲಸಿಗರಿಗೆ ತೆರಿಗೆ ವಿನಾಯಿತಿ ನೀಡಿದ. ಸುಮಾರು 20,000 ಮಂದಿ ಅಲ್ಲಿ ನೆಲೆಸಿದರು. ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನ ರೇಷ್ಮೆ ನೇಯ್ಗೆ ಇವರ ಕೈಯಲ್ಲಿ ಬೆಳೆಯಿತು.

ಈ ಹಳೆಯ ವಾದವನ್ನು ಪ್ರಶ್ನಿಸಿದವನು ಅಮೆರಿಕದ ಆರ್ಥಿಕ ಇತಿಹಾಸಕಾರ ವಾರನ್ ಸ್ಕೋವಿಲ್. 1960ರ ಅವನ ಗ್ರಂಥದ ಪ್ರಕಾರ ಆ ಕಾಲದ ಹಿಂಜರಿತಕ್ಕೆ ವಲಸೆಯೇ ಮುಖ್ಯ ಕಾರಣವಲ್ಲ. ಫ್ರಾನ್ಸ್ 1688ರಿಂದ 1697ರವರೆಗೆ, ಮತ್ತೆ 1701ರಿಂದ ಹಲವು ವರ್ಷ ಯುದ್ಧದಲ್ಲಿ ಮುಳುಗಿತ್ತು. ನಡುವೆ 1693–94ರ ಭೀಕರ ಬರಗಾಲ, ಮೇಲೆ ತೆರಿಗೆಯ ಹೊರೆ. ಸುಮಾರು ಎರಡು ಕೋಟಿ ಜನರ ದೇಶದಲ್ಲಿ ವಲಸಿಗರು ನೂರಕ್ಕೊಬ್ಬರಷ್ಟೇ. ಈ ಲೆಕ್ಕವನ್ನು ತಳ್ಳಿಹಾಕುವಂತಿಲ್ಲ. ಕೆಲವು ಊರುಗಳಿಗೆ, ಕೆಲವು ಕಸುಬುಗಳಿಗೆ ಆದ ಪೆಟ್ಟು ದೊಡ್ಡದು. ಇಡೀ ದೇಶವೇ ಅದರಿಂದ ಕುಸಿಯಿತು ಎನ್ನುವುದು ಅತಿಶಯ.

ರಾಜನ ಪರವಾಗಿಯೂ ಒಂದು ಮಾತಿದೆ. ಹ್ಯೂಗೆನಾಟರ ಕೈಯಲ್ಲಿ ಹಿಂದೆ ಕೋಟೆಗಳಿದ್ದವು, ದಂಗೆಗಳಾಗಿದ್ದವು. ಒಂದೇ ರಾಜ್ಯಕ್ಕೆ ಒಂದೇ ಮತವಿರಬೇಕೆಂದು ಆಗಿನ ಯುರೋಪಿನ ಅನೇಕ ದೊರೆಗಳು ನಂಬಿದ್ದರು. ಆದರೆ ಹ್ಯೂಗೆನಾಟರ ಭದ್ರಕೋಟೆಯಾಗಿದ್ದ ಲಾ ರೊಶೆಲ್ ನಗರ 1628ರಲ್ಲೇ ಶರಣಾಗಿತ್ತು, ಮರುವರ್ಷದ ಅಲೆಸ್ ಒಪ್ಪಂದ ಅವರ ಸೇನಾಬಲವನ್ನು ಕಿತ್ತುಕೊಂಡಿತ್ತು. 1685ರಲ್ಲಿ ಅವರಿಂದ ಸಿಂಹಾಸನಕ್ಕೆ ಅಪಾಯವಿರಲಿಲ್ಲ.

ಲಾಭನಷ್ಟದ ಈ ವಾದದಲ್ಲಿ ಎರಡೂ ಕಡೆಯವರು ಹೋದವರನ್ನಷ್ಟೇ ಎಣಿಸುತ್ತಾರೆ. ಹ್ಯೂಗೆನಾಟರಲ್ಲಿ ಹೆಚ್ಚಿನವರು ಹೋಗಲೇ ಇಲ್ಲ. ಅವರ ಮನೆಗಳಲ್ಲಿ ಸೈನಿಕರನ್ನು ಬಿಡಾರ ಹೂಡಿಸಿ ಮತಾಂತರ ಮಾಡಿಸಲಾಯಿತು. ಪಾದ್ರಿಯೊಬ್ಬನ ತಂಗಿ ಮಾರಿ ಡ್ಯೂರಾನ್ 1730ರಿಂದ 1768ರವರೆಗೆ, 38 ವರ್ಷ, ಕಾನ್‌ಸ್ಟಾನ್ಸ್ ಗೋಪುರದಲ್ಲಿ ಸೆರೆಯಲ್ಲಿದ್ದಳು. ಖಜಾನೆಗೆ ಒಂದು ಕಾಸೂ ನಷ್ಟವಾಗದಿದ್ದರೂ ಇದು ಅನ್ಯಾಯವೇ. ಅಲ್ಪಸಂಖ್ಯಾತರನ್ನು ಕಾಪಾಡಬೇಕಾದುದು ಅವರ ಕಸುಬು ನಮಗೆ ಬೇಕೆಂದಲ್ಲ, ಅವರ ನಂಬಿಕೆ ಅವರ ಹಕ್ಕು ಎಂದು.