ಬಣ್ಣಕ್ಕೆ ಮುಂಚಿನ ಕೆಲಸಕ್ಕೂ ಬೆಲೆಯಿರಲಿ

ಯಾವುದೇ ಸರಕು ಗ್ರಾಹಕನ ಕೈಸೇರುವಾಗ ಮೊದಲು ಕಣ್ಣಿಗೆ ಬೀಳುವುದು ಅದರ ಬಣ್ಣ. ಆ ಬಣ್ಣ ಎಷ್ಟು ವರ್ಷ ನಿಲ್ಲುವುದೆಂಬುದನ್ನು ನಿರ್ಧರಿಸುವುದು ಮಾತ್ರ ಅದರ ಅಡಿಯಲ್ಲಿ ಮರೆಯಾಗಿ ಹೋದ ಕೆಲಸ. ನಮ್ಮ ಸಣ್ಣ ಉದ್ದಿಮೆಗಳ ಕೊಟೇಶನ್ನುಗಳಲ್ಲಿ ಈ ಕೆಲಸಕ್ಕೆ ಸಾಮಾನ್ಯವಾಗಿ ಪ್ರತ್ಯೇಕ ಸಾಲು ಇರುವುದಿಲ್ಲ. 'ಪೇಂಟಿಂಗ್' ಎಂಬ ಒಂದೇ ಪದದಲ್ಲಿ ಎಲ್ಲವೂ ಅಡಗಿರುತ್ತದೆ. ದರದ ಪೈಪೋಟಿ ಬಂದಾಗ ಕತ್ತರಿ ಬೀಳುವುದೂ ಇಲ್ಲಿಯೇ. ಈ ಪದ್ಧತಿ ಬದಲಾಗಬೇಕೆಂಬುದಕ್ಕೆ ಉತ್ತಮ ನಿದರ್ಶನವೊಂದು ಜನರು ಸ್ವಂತವಾಗಿ ಕಟ್ಟಿಕೊಳ್ಳುವ ಲಘು ವಿಮಾನಗಳಿಂದ ದೊರೆಯುತ್ತದೆ.

ಅಮೆರಿಕದ ವ್ಯಾನ್ಸ್ ಏರ್‌ಕ್ರಾಫ್ಟ್ ಸಂಸ್ಥೆಯ ಬಿಡಿಭಾಗಗಳ ಕಿಟ್ ಕೊಂಡು ಹವ್ಯಾಸಿಗಳು ಕಟ್ಟಿ ಹಾರಿಸಿದ ವಿಮಾನಗಳ ಸಂಖ್ಯೆ 10 ಸಾವಿರವನ್ನು ಮೀರಿದೆ. ಅವುಗಳ ಹೊದಿಕೆ ರಿವೆಟ್ ಹೊಡೆದ ಅಲ್ಯೂಮಿನಿಯಂ ತಗಡಿನದು. ನಮ್ಮ ರಾಜ್ಯಕ್ಕೂ ಈ ವಿದ್ಯೆ ಹೊಸದಲ್ಲ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಲೋಹದ ತರಬೇತಿ ವಿಮಾನ ಎಚ್‌ಟಿ-2 ಹಾರಿದ್ದು 1951ರಲ್ಲಿ. ಬೆಂಗಳೂರಿನದೇ ರಾಜ್‌ಹಂಸ ಅಲ್ಟ್ರಾಲೈಟ್ಸ್ ಸಂಸ್ಥೆಯ ಎಕ್ಸ್-ಏರ್ ಕಿಟ್‌ಗಳು ವಿದೇಶಗಳಲ್ಲಿಯೂ ಮಾರಾಟವಾದವು. ಅವುಗಳ ಹೊದಿಕೆ ಬಟ್ಟೆಯದಾದ್ದರಿಂದ ನಾವು ಇಲ್ಲಿ ಹೇಳಹೊರಟಿರುವ ತಾಪತ್ರಯ ಅವುಗಳಿಗಿಲ್ಲ.

ತಾಪತ್ರಯವಿರುವುದು ಲೋಹದ ತಗಡಿಗೆ. ವಿಮಾನದ ಹೊದಿಕೆಗೆ ಬಳಸುವ 2024 ದರ್ಜೆಯ ಅಲ್ಯೂಮಿನಿಯಂ ತಾಮ್ರ ಬೆರೆತ ಮಿಶ್ರಲೋಹ. ಗಟ್ಟಿಯಾದರೂ ಬೇಗನೆ ಸವಕಳಿಗೆ ಗುರಿಯಾಗುತ್ತದೆ. ಆದ್ದರಿಂದ ಅದರ ಎರಡೂ ಮುಖಗಳಿಗೆ ಶುದ್ಧ ಅಲ್ಯೂಮಿನಿಯಂನ ತೆಳುಪದರ ಅಂಟಿಸಿರುತ್ತಾರೆ. ಬಣ್ಣ ಹಿಡಿಯಲೆಂದು ಉಪ್ಪುಕಾಗದದಿಂದ ಜೋರಾಗಿ ಉಜ್ಜಿದರೆ ಈ ರಕ್ಷಾಪದರವೇ ಹೋಗುತ್ತದೆ. ಉಕ್ಕಿನ ಬ್ರಷ್ ಬಳಸಿದರೆ ಅದರ ಕಣಗಳು ತಗಡಿನಲ್ಲಿ ಉಳಿದು ಸವಕಳಿಗೆ ತಾವೇ ಬೀಜವಾಗುತ್ತವೆ. ಹಾಗಾಗಿ ನೈಲಾನ್ ಪ್ಯಾಡಿನಿಂದ ಹಗುರವಾಗಿ ಮಾತ್ರ ಉಜ್ಜಬೇಕು. ಉಜ್ಜುವುದಕ್ಕೆ ಮೊದಲೇ ದ್ರಾವಕದಿಂದ ಜಿಡ್ಡು ತೆಗೆಯಬೇಕು. ಇಲ್ಲವಾದರೆ ಜಿಡ್ಡು ಗೀರುಗಳೊಳಕ್ಕೆ ಇಳಿಯುತ್ತದೆ. ಒಂದು ಬಟ್ಟೆಯಿಂದ ದ್ರಾವಕ ಹಚ್ಚಿ, ಅದು ಆರುವ ಮುನ್ನ ಇನ್ನೊಂದು ಒಣಬಟ್ಟೆಯಿಂದ ಒರೆಸುವುದು ಕ್ರಮ.

ಎಲ್ಲಕ್ಕಿಂತ ಸೂಕ್ಷ್ಮವಾದುದು ರಿವೆಟ್ ಸಾಲು. ಎರಡು ತಗಡುಗಳು ಒಂದರ ಮೇಲೊಂದು ಕೂರುವ ಸಂದಿನಲ್ಲಿ, ರಿವೆಟ್ ತಲೆಗಳ ಸುತ್ತಲಿನ ಸೂಕ್ಷ್ಮ ಎಡೆಯಲ್ಲಿ ಎಣ್ಣೆ, ಧೂಳು, ತೇವ ನಿಲ್ಲುತ್ತವೆ. ತಗಡನ್ನು ಆಮ್ಲದಿಂದ ತೊಳೆಯುವ ವಿಧಾನ ಅನುಸರಿಸಿದರೆ ಆಮ್ಲದ ಶೇಷವೂ ಅಲ್ಲಿಯೇ ನಿಂತು ಬಣ್ಣದ ಅಡಿಯಲ್ಲಿ ಲೋಹವನ್ನು ತಿನ್ನತೊಡಗುತ್ತದೆ. ಆದುದರಿಂದ ಧಾರಾಳ ನೀರು ಹಾಯಿಸಿ ತೊಳೆದು, ಸಂದುಗಳಿಗೆ ಗಾಳಿ ಊದಿ ಒಣಗಿಸಲೇಬೇಕು. ಸಡಿಲಗೊಂಡ ರಿವೆಟ್ಟಿನ ಸುತ್ತ ಕಪ್ಪು ಮಸಿಯಂಥ ಗೆರೆ ಕಾಣಿಸಿಕೊಳ್ಳುತ್ತದೆ. ಅದನ್ನು ಬದಲಾಯಿಸದೆ ಪುಟ್ಟಿ ತುಂಬಿ ಮುಚ್ಚುವುದು ದೋಷವನ್ನು ಮರೆಮಾಚಿದಂತೆಯೇ ಹೊರತು ಪರಿಹರಿಸಿದಂತಲ್ಲ.

ಸಿದ್ಧತೆ ಸರಿಯಾಗಿದೆಯೆಂದು ತಿಳಿಯಲು ದುಬಾರಿ ಉಪಕರಣ ಬೇಕಿಲ್ಲ. ಶುದ್ಧ ನೀರನ್ನು ಹಾಯಿಸಿದಾಗ ಅದು ಹನಿಹನಿಯಾಗಿ ಒಡೆಯದೆ ಒಂದೇ ಹಾಳೆಯಂತೆ ಹರಡಿ ನಿಂತರೆ ಜಿಡ್ಡು ಹೋಗಿದೆಯೆಂದು ಅರ್ಥ. ಅನಂತರ ಒಣಗಿಸಿ, ಮತ್ತೆ ಬರಿಗೈ ತಾಗಿಸದೆ, ವಿಳಂಬಿಸದೆ ಪ್ರೈಮರ್ ಹೊಡೆಯಬೇಕು.

ಇನ್ನು ಲೆಕ್ಕದ ಮಾತು. ಒಂದು ಕೆಲಸಕ್ಕೆ 100 ರೂಪಾಯಿ ದರವೆಂದೂ, ಅದರಲ್ಲಿ ಸಿದ್ಧತೆಗೆ 60, ಬಣ್ಣಕ್ಕೆ 40 ಎಂದೂ ಭಾವಿಸೋಣ. ಸಿದ್ಧತೆಯನ್ನು ಅರ್ಧಕ್ಕಿಳಿಸಿದ ಪ್ರತಿಸ್ಪರ್ಧಿ 70 ರೂಪಾಯಿಗೇ ಒಪ್ಪಿಕೊಳ್ಳುತ್ತಾನೆ. ಸರಕು ಒಪ್ಪಿಸುವ ದಿನ ಎರಡೂ ಒಂದೇ ರೀತಿ ಹೊಳೆಯುತ್ತವೆ. ವರ್ಷವೆರಡು ಕಳೆದ ಮೇಲೆ ರಿವೆಟ್ ಸುತ್ತ ಬಣ್ಣ ಗುಳ್ಳೆಯೆದ್ದಾಗ ಮೇಲೆ ಥಳಕು, ಒಳಗೆ ಹುಳುಕು ಎಂಬುದು ಬಯಲಾಗುತ್ತದೆ. ಅಷ್ಟರಲ್ಲಿ ಪ್ರಾಮಾಣಿಕ ಕೆಲಸಗಾರ ಆರ್ಡರನ್ನೇ ಕಳೆದುಕೊಂಡಿರುತ್ತಾನೆ. ಹಳೆಯ ಬಣ್ಣ ಕೆರೆದು ಮತ್ತೆ ಹೊಡೆಸುವ ವೆಚ್ಚ ಉಳಿಸಿದ 30 ರೂಪಾಯಿಗಿಂತ ಎಷ್ಟೋ ಪಾಲು ಹೆಚ್ಚು.

ಶಾಗ್ಯ, ಹನೂರು, ಕೊಳ್ಳೇಗಾಲ, ಯಳಂದೂರು ಭಾಗದ ಸದಸ್ಯರಿಗೆ ವಿಮಾನದ ವಿಚಾರ ದೂರದ್ದೆನಿಸಬಹುದು. ಆದರೆ ಬಸ್ಸಿನ ಬಾಡಿಗೂ ರಿವೆಟ್ ಹೊಡೆದ ಅಲ್ಯೂಮಿನಿಯಂ ತಗಡೇ ಹೊದಿಕೆಯಾಗುವುದುಂಟು. ಮಲೆ ಮಹದೇಶ್ವರ ಬೆಟ್ಟದ ಘಾಟಿಯಲ್ಲಿ ಮಳೆ, ಧೂಳು, ಕುಲುಕಾಟಗಳಿಗೆ ಮೈಯೊಡ್ಡುವ ವಾಹನದ ರಿವೆಟ್ ಸಾಲಿಗೂ ಇದೇ ನಿಯಮ ಅನ್ವಯಿಸುತ್ತದೆ. ವಾಹನ ಮಾಲೀಕರೂ ಬಾಡಿ ಕಟ್ಟುವವರೂ ಇದನ್ನು ಗಮನಿಸಬೇಕು.

ಈ ನಿಟ್ಟಿನಲ್ಲಿ ಮೂರು ಸಲಹೆಗಳನ್ನು ಮುಂದಿಡಬಯಸುತ್ತೇನೆ. ಒಂದು, ಕೊಟೇಶನ್ನಿನಲ್ಲಿ ಜಿಡ್ಡು ತೆಗೆಯುವುದು, ಉಜ್ಜುವುದು, ತೊಳೆಯುವುದು, ರಿವೆಟ್ ಬದಲಾವಣೆ, ಪ್ರೈಮರ್ ಹಾಗೂ ಮೇಲ್ಬಣ್ಣಗಳನ್ನು ಬೇರೆ ಬೇರೆ ಸಾಲುಗಳಲ್ಲಿ ನಮೂದಿಸುವುದು. ಎರಡು, ಪ್ರೈಮರಿಗೆ ಮುನ್ನ ಗ್ರಾಹಕನನ್ನು ಕರೆಸಿ, ನೀರಿನ ಪರೀಕ್ಷೆ ತೋರಿಸಿ, ದಿನಾಂಕ ಸಹಿತ ಸಹಿ ಪಡೆಯುವುದು. ಮೂರು, ಆ ಹಂತಕ್ಕೇ ಭಾಗಶಃ ಬಿಲ್ ಮಾಡುವುದು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ 15ನೇ ಕಲಮಿನಂತೆ ಸೂಕ್ಷ್ಮ ಹಾಗೂ ಸಣ್ಣ ಉದ್ಯಮಗಳಿಗೆ ಹಣ ಪಾವತಿಸಲು ಒಪ್ಪಿಕೊಳ್ಳುವ ಅವಧಿ ಸ್ವೀಕಾರದ ದಿನದಿಂದ 45 ದಿನಗಳನ್ನು ಮೀರುವಂತಿಲ್ಲ. ಖರೀದಿದಾರನು 15 ದಿನಗಳೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸದಿದ್ದರೆ ಸರಕು ಒಪ್ಪಿಸಿದ ದಿನವೇ ಸ್ವೀಕಾರದ ದಿನವೆಂದು ಕಾಯ್ದೆ ಪರಿಗಣಿಸುತ್ತದೆ. ಮುಂದೆ ತಕರಾರು ಬಂದಾಗ ಸಹಿಯಾದ ಹಂತವಾರು ದಾಖಲೆ ಬಲವಾದ ಆಧಾರವಾಗಬಲ್ಲದು.

ಗ್ರಾಹಕನಿಗೆ ಕಾಣದ ಕೆಲಸವನ್ನು ಕಾಗದದ ಮೇಲಾದರೂ ಕಾಣುವಂತೆ ಮಾಡಿದರೆ ಮಾತ್ರ ಅದಕ್ಕೆ ಬೆಲೆ ದೊರೆಯುತ್ತದೆ. ಇಂಥದೊಂದು ಮಾದರಿ ಕೊಟೇಶನ್ ನಮೂನೆಯನ್ನು ವಾಣಿಜ್ಯ ಸಂಸ್ಥೆಯೇ ಸಿದ್ಧಪಡಿಸಿ ಸದಸ್ಯರಿಗೆ ಒದಗಿಸಿದರೆ ಪ್ರಾಮಾಣಿಕವಾಗಿ ದುಡಿಯುವ ಸಣ್ಣ ಉದ್ದಿಮೆದಾರರಿಗೆ ಮಹದುಪಕಾರವಾದೀತು.