ಪೊಹುಟುಕಾವ ಮತ್ತು ಪಾಸಮ್
ನ್ಯೂಜಿಲೆಂಡಿನ ಕಡಲಂಚಿನ ಬಂಡೆಗಳ ಮೇಲೆ ಡಿಸೆಂಬರಿನಲ್ಲಿ ಪೊಹುಟುಕಾವ ಮರಗಳು ಕೆಂಪಗೆ ಅರಳುತ್ತವೆ. ನಮ್ಮ ನೇರಳೆಯ ಕುಟುಂಬಕ್ಕೆ ಸೇರಿದ ಈ ಮರ ಉಪ್ಪುಗಾಳಿಗೆ ಹೆದರದು, ಕಲ್ಲಿನ ಬಿರುಕಿನಲ್ಲೂ ಬೇರೂರುತ್ತದೆ, ಸೋಲುವುದು ಪಾಸಮ್‌ಗೆ. ಬೆಕ್ಕಿನ ಗಾತ್ರದ, ಮರಿಯನ್ನು ಹೊಟ್ಟೆಯ ಚೀಲದಲ್ಲಿಟ್ಟು ಸಾಕುವ ಈ ನಿಶಾಚರಿಯನ್ನು 1837ರಿಂದ ತುಪ್ಪಳದ ವ್ಯಾಪಾರಕ್ಕೆಂದು ಆಸ್ಟ್ರೇಲಿಯಾದಿಂದ ತಂದು ಬಿಟ್ಟವರು ಮನುಷ್ಯರೇ. ತವರಿನಲ್ಲಿ ನೀಲಗಿರಿ ಎಲೆಗಳ ವಿಷ, ಡಿಂಗೊ ನಾಯಿ, ಕಾಳ್ಗಿಚ್ಚು ಅದರ ಸಂಖ್ಯೆಯನ್ನು ಹಿಡಿದಿಟ್ಟಿದ್ದವು. ನ್ಯೂಜಿಲೆಂಡಿನಲ್ಲಿ ಅಂಥ ತಡೆಯೇ ಇರಲಿಲ್ಲ. ಪಾಸಮ್ ತಾನು ಮೆಚ್ಚಿದ ಮರಕ್ಕೆ ರಾತ್ರಿ ರಾತ್ರಿ ಮರಳಿ ಬಂದು ಚಿಗುರು, ಮೊಗ್ಗು ಮೇಯುತ್ತದೆ. ಶತಮಾನ ಬಾಳಿದ ಮರವೂ ಕೆಲವೇ ವರ್ಷಗಳಲ್ಲಿ ಒಣಗುತ್ತದೆ. ಆಕ್ಲೆಂಡ್ ಬಳಿಯ ರಂಗಿಟೋಟೊ ದ್ವೀಪದಲ್ಲಿ 1990ರ ದಶಕದಲ್ಲಿ ಪಾಸಮ್‌ಗಳನ್ನು ಪೂರ್ತಿ ನಿರ್ಮೂಲ ಮಾಡಿದ ಮೇಲೆ ಪೊಹುಟುಕಾವ ಕಾಡು ಮತ್ತೆ ಚೇತರಿಸಿಕೊಂಡಿತು, ಇದು ನನಗೆ ನಿಜವಾದ ಭರವಸೆ. 2017ರಲ್ಲಿ ಕಾಣಿಸಿಕೊಂಡ ಮರ್ಟಲ್ ರಸ್ಟ್ ಎಂಬ ಶಿಲೀಂಧ್ರ ರೋಗ ಮಾತ್ರ ಈ ಮರಕ್ಕೆ ಇನ್ನೊಂದು ಬೆದರಿಕೆಯಾಗಿದೆ. ಪಾಸಮ್‌ನಂತೆ ಆ ರೋಗವನ್ನು ಬೋನಿಟ್ಟು ಹಿಡಿಯಲಾಗದು. ಮರ ಉಳಿಯಬೇಕಾದರೆ ಅಲ್ಲಿ ಪಾಸಮ್‌ಗಳನ್ನು ಕೊಲ್ಲುವುದು ಅನಿವಾರ್ಯ ಎಂದು ಒಪ್ಪುತ್ತೇನೆ. ಆದರೆ ಮಕ್ಕಳಿಗೆ ಆ ಪ್ರಾಣಿಯನ್ನು ದ್ವೇಷಿಸಲು ಕಲಿಸುವುದನ್ನು ಒಪ್ಪಲಾರೆ. ಅದೇ ಪಾಸಮ್‌ಗೆ ಆಸ್ಟ್ರೇಲಿಯಾದಲ್ಲಿ ಕಾನೂನಿನ ರಕ್ಷಣೆಯಿದೆ.